ಜಂಬಯ್ಯನ ಹಿಟ್ಟು ಉಬ್ಬಿದ ದಿನ

ಕಂಪ್ಲಿಯ ಕೋಟೆ ಕಡೆಯ ಆ ಓಣಿಯಲ್ಲಿ ಬೆಳಗಾಗುವುದು ರೊಟ್ಟಿ ಬಡಿಯುವ ಸದ್ದಿನಿಂದ. ಇದು ಯಾರ ಮನೆಯ ಬಡಿತ ಅಂತ ಹಾಸಿಗೆಯಲ್ಲಿ ಮಲಗಿದ್ದುಕೊಂಡೇ ಹೇಳುವ ಕಿವಿಗಳು ಅಲ್ಲಿವೆ. ಒಂದು ಮನೆಯಿಂದ ಸದ್ದು ಬರಲಿಲ್ಲ ಅಂದರೆ ಓಣಿ ಮೊದಲು ಆ ಬಾಗಿಲು ನೋಡುತ್ತದೆ. ಬೀಗ ಇದ್ದರೆ ಊರಿಗೆ ಹೋಗಿದ್ದಾರೆ. ಬೀಗ ಇಲ್ಲದಿದ್ದರೆ ಯಾರಿಗೋ ಹುಷಾರಿಲ್ಲ. ಬೀಗವೂ ಇಲ್ಲ, ಒಲೆಯೂ ಹೊತ್ತಿಲ್ಲ, ಅಂಗಳಕ್ಕೆ ನೀರೂ ಬಿದ್ದಿಲ್ಲ, ಮನೆಯ ಗಂಡಸು ಕೆಲಸಕ್ಕೆ ಹೋಗದೆ ಹೊಸ್ತಿಲ ಮೇಲೆ ಕೂತಿದ್ದಾನೆ ಅಂದರೆ ಅಲ್ಲಿಂದ ಮುಂದೆ ಯಾರೂ ಏನನ್ನೂ ಕೇಳುವುದಿಲ್ಲ. ಕೇಳಬಾರದು. ತಮ್ಮ ಮನೆಯಲ್ಲಿ ಅನ್ನ ಬಸಿದು, ಬುತ್ತಿ ಕಟ್ಟಿಕೊಂಡು, ಬಾಯಿ ಮುಚ್ಚಿಕೊಂಡು ಹೋಗಿ ಕೂರಬೇಕು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಆದ್ದರಿಂದ ಊಟ ಹೊರಗಿನಿಂದ ಬರಬೇಕು. ಅಂಥ ಮನೆಗೆ ಹೋಗಿ "ಯಾರು ಸತ್ತರು?" ಅಂತ ಕೇಳಿದ ಅವಿವೇಕಿ ಆ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ.

ಈ ಒಳ್ಳೆಯ ಪದ್ಧತಿಯೇ ನಮ್ಮ ಜಂಬಯ್ಯನಿಗೆ ಮುಳುವಾಯಿತು.

ಜಂಬಯ್ಯ ನಾಗೇಂದ್ರಪ್ಪನವರ ಅಕ್ಕಿ ಗಿರಣಿಯಲ್ಲಿ ತೂಕದ ಗುಮಾಸ್ತ. ಲೋಕದ ಯಾವ ಕೆಲಸವನ್ನೂ ಮಾಡಿದವನಲ್ಲ, ಯಾವ ಕೆಲಸವನ್ನೂ ಕಷ್ಟ ಅಂತ ಒಪ್ಪಿದವನೂ ಅಲ್ಲ. ಹೆಂಡತಿ ಗಂಗಾಂಬಿಕಾ, ಓಣಿಯವರ ಬಾಯಲ್ಲಿ ಗಂಗಮ್ಮ. ಮಕ್ಕಳಿಲ್ಲ. ಮನೆಯಲ್ಲಿ ಇರುವವರು ಅವರಿಬ್ಬರೇ, ಮಾತು ಅಂದರೂ ಅವರಿಬ್ಬರದೇ, ಜಗಳ ಅಂದರೂ ಅವರಿಬ್ಬರದೇ.

ಜಗಳ ಹುಟ್ಟಿದ್ದು ಮೊಬೈಲಿನಲ್ಲಿ. ಒಂದು ಸಂಜೆ ಗಂಗಮ್ಮ ಅದರಲ್ಲಿ ಯಾವಳೋ ಹೆಣ್ಣುಮಗಳು ಸ್ವೀಟ್ ರೋಲ್ ಮಾಡುವುದನ್ನು ನೋಡುತ್ತಿದ್ದಳು. ಮೈದಾ ಹಿಟ್ಟಿಗೆ ಈಸ್ಟ್ ಹಾಕಿ ಉಬ್ಬಿಸಿ, ಲಟ್ಟಿಸಿ, ಬೆಣ್ಣೆ, ಸಕ್ಕರೆ, ಚಕ್ಕೆಪುಡಿ ಸವರಿ, ಸುರುಳಿ ಸುತ್ತಿ, ಕತ್ತರಿಸಿ ಬೇಯಿಸಿದ್ದಳು. ಮುರಿದರೆ ಹತ್ತಿಯ ಹಾಗೆ ಎಳೆ ಎಳೆ ಬರುತ್ತಿತ್ತು.

"ಎಷ್ಟು ಮೆತ್ತಗ ಐತಿ ನೋಡ್ರಿ. ಒಂದ್ ಸಲಾರ ಇಂಥಾದ್ದು ತಿನ್ನಬೇಕು" ಅಂದಳು.

ಬುದ್ಧಿ ಇರುವ ಗಂಡನಾಗಿದ್ದರೆ "ಹ್ಞೂಂ" ಅಂದು ಸುಮ್ಮನಾಗುತ್ತಿದ್ದ. ಜಂಬಯ್ಯ ಕನ್ನಡಕ ಏರಿಸಿಕೊಂಡು ನೋಡಿದ.

"ಇದರಾಗೇನೈತಿ? ಹಿಟ್ಟು ನಾದು, ಸಕ್ರಿ ಹಾಕು, ಚಾಪಿ ಸುತ್ತಿದಂಗ ಸುತ್ತು, ಆತು. ಕೈಯಾಗ ಮೊಬೈಲ್ ಇದ್ರ ಅಡಿಗಿ ಯಾರರ ಮಾಡ್ತಾರ. ನೀವು ಹೆಂಗಸ್ರು ಅದನ್ನ ಸುಮ್ನ ದೊಡ್ಡದು ಮಾಡಿಟ್ಟೀರಿ."

"ಯಾರರ ಮಾಡ್ತಾರ?"

"ಯಾರರ."

ಗಂಗಮ್ಮ ಮೊಬೈಲನ್ನು ಅವನ ತೊಡೆಯ ಮೇಲೆ ಇಟ್ಟಳು. "ಆತು ಹಂಗಾರ. ನೀವ ಮಾಡ್ರಿ. ನಿಮ್ಮ ಕೈಯಾಗ ಹಿಟ್ಟು ಉಬ್ಬಿದ ದಿನ ನಾ ಬರ್ತೀನಿ. ಅಲ್ಲೀತನ ಫೋನ್ ಮಾಡಬ್ಯಾಡ್ರಿ, ನಾ ಎತ್ತಂಗಿಲ್ಲ."

ಜಂಬಯ್ಯ ಇದನ್ನು ಮಾತು ಅಂದುಕೊಂಡ. ಮರುದಿನ ಅವನು ಕಣ್ಣುಬಿಡುವ ಹೊತ್ತಿಗೆ ಗಂಗಮ್ಮ ಮೊದಲ ಬಸ್ಸಿಗೆ ಹೊಸಪೇಟೆ ದಾಟಿ, ಸಂಡೂರಿನ ಅಣ್ಣ ಹಂಪೇಶನ ಮನೆಯಲ್ಲಿ ಚಹಾ ಕುಡಿಯುತ್ತಿದ್ದಳು.

ರೊಟ್ಟಿಯ ಸದ್ದು ಕೇಳದೆ ಪಕ್ಕದ ಮನೆಯ ಪಂಪಮ್ಮ ಬಂದು ನಿಂತಳು. "ಯಾಕಪ್ಪಾ, ಗಂಗವ್ವ ಎದ್ದಿಲ್ಲೇನು?"

ಹೆಂಡತಿ ಬಿಟ್ಟುಹೋದಳು ಅನ್ನುವುದನ್ನು ಒಬ್ಬ ಗುಮಾಸ್ತ ಬೆಳಿಗ್ಗೆ ಬೆಳಿಗ್ಗೆ ಹೇಗೆ ಹೇಳಿಯಾನು? "ಜ್ವರ ಬಂದೈತಿ, ಒಳಗ ಮಲಗ್ಯಾಳ" ಅಂದ. ಪಂಪಮ್ಮ ಚಪ್ಪಲಿ ಬಿಟ್ಟು ಒಳಗೆ ಕಾಲಿಡುವುದನ್ನು ಕಂಡು ಇನ್ನೊಂದು ಸೇರಿಸಿದ: "ಹರಡೋ ಜ್ವರ ಅಂತ. ಡಾಕ್ಟರು ಯಾರೂ ಹತ್ರ ಹೋಗಬ್ಯಾಡ್ರಿ ಅಂದಾರ."

ಪಂಪಮ್ಮ ಕಾಲು ಹಿಂದೆ ತೆಗೆದಳು. ಆದರೆ ಕೈ ಹಿಂದೆ ತೆಗೆಯುವ ಪೈಕಿ ಅಲ್ಲ ಅವಳು. ಅಂದಿನಿಂದ ದಿನಾ ಒಂದು ಬಟ್ಟಲು ಗಂಜಿ ಬರತೊಡಗಿತು. ಜಂಬಯ್ಯ ಅದನ್ನು ಒಳಗೆ ಒಯ್ದು, ತಾನೇ ಕುಡಿದು, ಬಟ್ಟಲು ತೊಳೆದು ಕೊಡುತ್ತಿದ್ದ. ಮನೆಯಲ್ಲಿ ಬೇರೆ ಅನ್ನ ಇರಲಿಲ್ಲ, ಪಾಪ. ಎರಡು ದಿನ ಸಪ್ಪೆ ಗಂಜಿ ಕುಡಿದವನಿಗೆ ಮೂರನೆಯ ದಿನ ತಡೆಯಲಾಗಲಿಲ್ಲ.

"ಉಪ್ಪಿನಕಾಯಿ ಇದ್ರ ಇನ್ನೊಂದಿಷ್ಟು ಇಳೀತಿತ್ತು ಅಂತಾಳ" ಅಂದ.

ಪಂಪಮ್ಮನ ಮುಖ ಸಣ್ಣದಾಯಿತು. ಜ್ವರದ ಬಾಯಿ ಉಪ್ಪಿನಕಾಯಿ ಬೇಡುವುದು ಒಳ್ಳೆಯ ಲಕ್ಷಣ ಅಲ್ಲ, ತನ್ನ ಅತ್ತೆಯೂ ಕೊನೆಗೆ ಹೀಗೆಯೇ ಬೇಡಿದ್ದಳು ಅಂತ ಆ ಮಧ್ಯಾಹ್ನ ನಲ್ಲಿಯ ಹತ್ತಿರ ಹೇಳಿದಳು. ಉಪ್ಪಿನಕಾಯಿಯನ್ನೂ ಕಳಿಸಿಕೊಟ್ಟಳು.

ಇತ್ತ ಜಂಬಯ್ಯ ಹಟಕ್ಕೆ ಬಿದ್ದಿದ್ದ. ಕಂಪ್ಲಿಯ ಅಂಗಡಿಗಳಲ್ಲಿ ಈಸ್ಟ್ ಸಿಗಲಿಲ್ಲ, ಹೊಸಪೇಟೆಗೆ ಹೋದ. ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತವರು ಓಣಿಯ ಮಠದ ಅಯ್ಯನವರು, ಕೊಟ್ರಯ್ಯ. ಓಣಿಯ ಹುಟ್ಟು ಸಾವು ಎಲ್ಲ ಅವರ ಕೈಯಲ್ಲೇ ಆಗಬೇಕು. ಜಂಬಯ್ಯನ ಕೈಯಲ್ಲಿದ್ದ ಸಣ್ಣ ಪೊಟ್ಟಣ ನೋಡಿ ಕೇಳಿದರು:

"ಔಷಧೇನೋ?"

"ಹ್ಞೂಂ ಅಜ್ಜಾರ." ಹೂಂ ಅಂದಮೇಲೆ ವಿವರ ಹೇಳದಿದ್ದರೆ ಜಂಬಯ್ಯನಿಗೆ ಸಮಾಧಾನ ಇಲ್ಲ. ಅಂಗಡಿಯವನು ಈಸ್ಟ್ ಬಗ್ಗೆ ಹೇಳಿದ್ದನ್ನೇ ಹೇಳಿಬಿಟ್ಟ: "ಬೆಚ್ಚನ್ನ ಹಾಲಿನ್ಯಾಗ ಹಾಕಬೇಕಂತ. ಸುಡು ಸುಡು ಹಾಕಿದ್ರ ಸಾಯ್ತದಂತ. ಒಂದು ಗಳಿಗ್ಯಾಗ ಜೀವ ಬಂದ್ರ ಬಂತು, ಇಲ್ಲಾಂದ್ರ ಇಲ್ಲ ಅಂದಾರ."

ಕೊಟ್ರಯ್ಯನವರು ಕೊರಳಿನ ಲಿಂಗ ಮುಟ್ಟಿಕೊಂಡು ಕಿಟಕಿಯ ಆಚೆ ನೋಡುತ್ತ ಕೂತರು. ಇಳಿಯುವಾಗ ಅವನ ಬೆನ್ನು ತಟ್ಟಿದರು.

ಮರುದಿನ ಬೆಳಿಗ್ಗೆ ಜಂಬಯ್ಯ ಸಾಹುಕಾರರಿಗೆ ಫೋನ್ ಮಾಡಿದ. "ಇವತ್ತು ಗಿರಣಿಗೆ ಬರಾಕ ಆಗಂಗಿಲ್ರಿ. ಮನ್ಯಾಗ ಸ್ವಲ್ಪ..." ಅನ್ನುವಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. "ಅಯ್ಯೋ ಶಿವನೇ!" ಅಂತ ಚೀರಿ ಫೋನ್ ಕೆಳಗಿಟ್ಟ. ಉಕ್ಕಿದ ಹಾಲು ಒಲೆ ಆರಿಸಿತು, ಅವನು ಮತ್ತೆ ಹಚ್ಚುವ ಗೋಜಿಗೆ ಹೋಗಲಿಲ್ಲ. ಆಮೇಲೆ ವೀಡಿಯೊ ಇಳಿಸಿಟ್ಟುಕೊಂಡು, ಅದನ್ನು ನೋಡುವಾಗ ಯಾರ ಕರೆಯೂ ಅಡ್ಡ ಬರದಿರಲಿ ಅಂತ ಮೊಬೈಲಿನಲ್ಲಿ ವಿಮಾನದ ಗುರುತು ಒತ್ತಿದ. ಗಿರಣಿಯಲ್ಲಿ ನಾಗೇಂದ್ರಪ್ಪನವರು ಕೈಯಲ್ಲಿ ಫೋನ್ ಹಿಡಿದು ಬಹಳ ಹೊತ್ತು ನಿಂತಿದ್ದರಂತೆ.

ವೀಡಿಯೊದ ಹೆಣ್ಣುಮಗಳು ಎಲ್ಲವನ್ನೂ ಕಪ್ಪಿನಲ್ಲಿ ಅಳೆಯುತ್ತಿದ್ದಳು. ಜಂಬಯ್ಯ ಹುಟ್ಟಿದಾಗಿನಿಂದ ಕಂಡ ಅಳತೆ ಒಂದೇ, ಸೇರು. ಕಪ್ಪಿನಲ್ಲಿ ಚಹಾ ಕುಡಿಯುತ್ತಾರೆ, ಹಿಟ್ಟು ಅಳೆಯುವುದಿಲ್ಲ. ಪಾಪ, ಆ ಊರಿನಲ್ಲಿ ಸೇರಿಗೆ ಕಪ್ಪು ಅನ್ನುತ್ತಾರೇನೋ ಅಂದುಕೊಂಡು, ಗೋಡೆಯ ಮೊಳೆಗೆ ತೂಗುಹಾಕಿದ್ದ ಹಿತ್ತಾಳೆಯ ಸೇರು ತೆಗೆದ. ಅಂಗಡಿಯಿಂದ ತಂದ ಮೈದಾ ಚೀಲ ತಳ ಕಂಡಿತು. ಈಸ್ಟ್ ಪೊಟ್ಟಣವೂ ಪೂರ್ತಿ ಹೋಯಿತು. ನಾದಿದ, ನಾದಿದ, ತಲೆಯಿಂದ ಕಾಲವರೆಗೆ ಬೆಳ್ಳಗಾಗುವವರೆಗೆ ನಾದಿದ. ಕೊನೆಗೆ ನೋಡಿದರೆ ಓಣಿಯ ಮದುವೆಗಾಗುವಷ್ಟು ಹಿಟ್ಟು. ಮನೆಯಲ್ಲಿದ್ದ ಪರಾತಗಳೆಲ್ಲ ತುಂಬಿದವು.

ಬೆಚ್ಚಗಿನ ಜಾಗದಲ್ಲಿ ಮುಚ್ಚಿಡಿ ಅಂದಳು ವೀಡಿಯೊದವಳು. ಪುಷ್ಯ ಮಾಸದ ಚಳಿ. ನೆಲ ತಣ್ಣಗೆ, ಅದರ ಮೇಲೆ ಇರುವೆ. ಜಂಬಯ್ಯ ಒಳಕೋಣೆಯ ಮಂಚದ ಮೇಲೆ ಪರಾತಗಳನ್ನು ಉದ್ದಕ್ಕೆ ಒಂದರ ಪಕ್ಕ ಒಂದು ಇಟ್ಟ. ಮೇಲೆ ಹೊಸ ಬಿಳಿ ಪಂಚೆ ಹೊದಿಸಿದ. ಕಾವಿಗಾಗಿ ತಲೆದಿಂಬಿನ ಕಡೆ ಒಂದು ದೊಡ್ಡ ದೀಪ ಹಚ್ಚಿಟ್ಟ. ಬಾಗಿಲು ಎಳೆದುಕೊಂಡ. ಮಧ್ಯೆ ತೆಗೆದು ನೋಡಬೇಡಿ, ಗಾಳಿ ತಾಗಿದರೆ ಕೆಡುತ್ತದೆ ಅಂತ ಆಕೆ ಗದರಿಸಿ ಹೇಳಿದ್ದರಿಂದ, ನೋಡುವ ಆಸೆ ತಡೆಯಲು ಹೊರಗೆ ಹೊಸ್ತಿಲ ಮೇಲೆ ಬಂದು ಕೂತ. ಚಳಿಗೆ ತಲೆಯ ಮೇಲೆ ಟವೆಲ್ ಹೊದ್ದಿದ್ದ. ಹೆಂಡತಿ ಹೋದಾಗಿನಿಂದ ಗಡ್ಡ ಕೆರೆದಿರಲಿಲ್ಲ. ಚಕ್ಕೆಪುಡಿಯ ಕೈಯಲ್ಲೇ ಕಣ್ಣು ಉಜ್ಜಿಕೊಂಡು ಕಣ್ಣು ಕೆಂಪಗೆ, ನೀರು ಸುರಿಯುತ್ತಿತ್ತು.

ಪಂಪಮ್ಮ ಗಂಜಿ ಹಿಡಿದು ಬಂದಳು. "ಹೆಂಗದಾಳಪ್ಪಾ?"

ಸದ್ದಿಗೆ ಹಿಟ್ಟು ಇಳಿದುಬಿಟ್ಟರೆ ಅಂತ ಜಂಬಯ್ಯ ಬೆರಳನ್ನು ತುಟಿಯ ಮೇಲಿಟ್ಟು, ಮೆಲ್ಲಗೆ ತಲೆ ಅಲ್ಲಾಡಿಸಿದ. "ಗಂಜಿ ಇವತ್ತು ಬ್ಯಾಡ" ಅಂದ.

ಪಂಪಮ್ಮ ಮಾತಾಡದೆ ಮನೆಯ ಬದಿಗೆ ಸುತ್ತಿ ಬಂದು, ಒಳಕೋಣೆಯ ಕಿಟಕಿಯ ಕದವನ್ನು ಒಂದು ಬೆರಳಷ್ಟು ಸರಿಸಿದಳು. ಮಂಚ. ಉದ್ದಕ್ಕೆ ಬಿಳಿ ಬಟ್ಟೆ. ತಲೆಯ ಹತ್ತಿರ ದೀಪ. ಅವಳು ಕಿರುಚಲಿಲ್ಲ. ಮೊದಲ ಅಳು ತವರಿನವರದು, ಅದು ಅವರ ಹಕ್ಕು. ಸೆರಗು ಬಾಯಿಗೆ ಒತ್ತಿಕೊಂಡು ಮನೆ ಮನೆಗೆ ಹೋದಳು. ಅವಳು ಏನೂ ಹೇಳಬೇಕಾಗಿರಲಿಲ್ಲ, ಮುಖ ನೋಡಿಯೇ ಎಲ್ಲರೂ ಅನ್ನಕ್ಕೆ ಅಕ್ಕಿ ಹಾಕಿದರು.

ಸ್ವಲ್ಪ ಹೊತ್ತಿನಲ್ಲಿ ಓಣಿ ಜಂಬಯ್ಯನ ಅಂಗಳಕ್ಕೆ ಬಂತು. ಒಬ್ಬೊಬ್ಬರೂ ಬಂದು ಬುತ್ತಿ ಜಗಲಿಯ ಮೇಲಿಟ್ಟು, ಅವನ ಕೈ ಹಿಡಿದು, ಮಾತಿಲ್ಲದೆ ಕೂತರು. ಹೆಂಗಸರು ಮೂಗೊರೆಸಿಕೊಂಡರು. ಯಾರೋ ಅಂಗಳದ ಮೂಲೆಯಲ್ಲಿ ಕಲ್ಲು ಹೂಡಿ ದೊಡ್ಡ ಹಂಡೆಯಲ್ಲಿ ನೀರು ಕಾಯಲು ಇಟ್ಟರು. ಇನ್ಯಾರೋ ಊದಿನಕಡ್ಡಿ ಹಚ್ಚಿದರು.

ಜಂಬಯ್ಯ ಇದನ್ನೆಲ್ಲ ಬೆಪ್ಪಾಗಿ ನೋಡಿದ. ಆಮೇಲೆ ಅವನಿಗೆ ಹೊಳೆಯಿತು. ಜ್ವರದ ಸುಳ್ಳು ಬಯಲಾಗಿದೆ. ಗಂಗಮ್ಮ ಜಗಳಾಡಿ ತವರಿಗೆ ಹೋದದ್ದು ಓಣಿಗೆ ಗೊತ್ತಾಗಿದೆ. ಉಪವಾಸ ಇದ್ದಾನೆ ಅಂತ ಅನ್ನ ತಂದಿದ್ದಾರೆ. ಬೈಯದೆ ಸುಮ್ಮನೆ ಕೂತಿರುವುದು ಇವರ ದೊಡ್ಡತನ. ಅವನು ನಾಚಿಕೆಯಿಂದ ತಲೆ ತಗ್ಗಿಸಿದ. ತಲೆ ತಗ್ಗಿಸಿದ್ದು ನೋಡಿ ಹೆಂಗಸರ ಬಿಕ್ಕು ಇನ್ನಷ್ಟು ಜೋರಾಯಿತು.

ನಾಗೇಂದ್ರಪ್ಪನವರು ಕಾರಿನಲ್ಲಿ ಬಂದರು. ಹಿಂದಿನ ಸೀಟಿನಲ್ಲಿ ಚಕ್ರದ ಗಾತ್ರದ ಹೂವಿನ ಹಾರ ಇತ್ತು. ಅದನ್ನು ಕಾರಿನಲ್ಲೇ ಬಿಟ್ಟು ಇಳಿದು ಜಂಬಯ್ಯನ ಹೆಗಲ ಮೇಲೆ ಕೈಯಿಟ್ಟರು.

"ಸಂಡೂರಿಗೆ ನಾನ ಫೋನ್ ಮಾಡೀನಿ. ಏನು ಅಂತ ಹೇಳಲಿಲ್ಲ, ಜಂಬಯ್ಯನ ಮನಿಗೆ ಜಲ್ದಿ ಹೊರಟು ಬರ್ರಿ, ಏನೂ ಕೇಳಬ್ಯಾಡ್ರಿ ಅಂದೆ. ಜೀಪು ಮಾಡ್ಕೊಂಡು ಹೊಂಟಾರ."

ಜಂಬಯ್ಯ ದಿಗಿಲುಬಿದ್ದ. "ಈಗ ಯಾಕ ಮಾಡಿದ್ರಿ ಸಾವ್ಕಾರ್ರ! ಇನ್ನೊಂದೆರಡು ತಾಸು ತಡದು ಮಾಡಿದ್ರ ಆಗ್ತಿತ್ತಲ್ರೀ!"

ನಾಗೇಂದ್ರಪ್ಪ ಕೊಟ್ರಯ್ಯನವರ ಮುಖ ನೋಡಿದರು. ಕೊಟ್ರಯ್ಯನವರು ಕಣ್ಣಲ್ಲೇ "ದುಃಖದಾಗ ಅದಾನ, ಬಿಡ್ರಿ" ಅಂದರು.

ಆಮೇಲೆ ಮಾತು ಶುರುವಾಯಿತು. ಸಾವಿನ ಮನೆಯಲ್ಲಿ ಏನಾಯಿತು ಅಂತ ಕೇಳುವಂತಿಲ್ಲ, ಆದರೆ ಹೋದವರ ಗುಣ ಹೇಳಬಹುದು, ಹೇಳಲೇಬೇಕು.

"ನನ್ನ ಮಗಳ ಬಾಣಂತನದಾಗ ನನಗ ಸೊಂಟ ಹಿಡದಿತ್ತು" ಅಂದಳು ಪಂಪಮ್ಮ. "ದಿನಾ ನಸುಕಿನ್ಯಾಗ ನಮ್ಮ ಮನಿಗೂ ಸೇರಿಸಿ ರೊಟ್ಟಿ ಬಡೀತಿದ್ದಳು ಗಂಗವ್ವ. ಒಂದಿನಾ ಸಾಕಾತು ಅಂದಾಕಿ ಅಲ್ಲ."

"ನಮ್ಮ ಹಮಾಲಿ ಮಾರೇಶ ಚೀಲ ಬಿದ್ದು ಕಾಲು ಮುರ್ಕೊಂಡಾಗ," ಅಂದರು ನಾಗೇಂದ್ರಪ್ಪ, "ಅವನ ಮನಿಗೆ ಬುತ್ತಿ ಕಳಿಸ್ತಿದ್ದಾಕಿ ಆ ತಾಯಿ. ನನಗ ಆಮ್ಯಾಲೆ ತಿಳೀತು."

"ನನಗ ಗೊತ್ತ ಇಲ್ಲ" ಅಂದ ಜಂಬಯ್ಯ. ನಿಜವಾಗಿಯೂ ಗೊತ್ತಿರಲಿಲ್ಲ.

"ನೀ ಎಲ್ಲಿ ಕೇಳಿದ್ಯೋ" ಅಂದರು ಕೊಟ್ರಯ್ಯನವರು, ಬೈಗುಳ ಇಲ್ಲದ ದನಿಯಲ್ಲಿ.

ಅದು ಬಂದು ಎದೆಗೆ ತಾಗಿತು. ಇಷ್ಟು ವರ್ಷ ಉಂಡ ರೊಟ್ಟಿಗಳು ಒಂದೊಂದೂ ಯಾರದೋ ಕೈಯಿಂದ ಬಂದವು ಅನ್ನುವುದು ಜಂಬಯ್ಯನಿಗೆ ಇಡೀ ಓಣಿಯ ಎದುರು ಗೊತ್ತಾಯಿತು. ಚಕ್ಕೆಪುಡಿಯ ಹಂಗಿಲ್ಲದ ಕಣ್ಣೀರು ಬಂತು. "ಅಡಿಗಿ ಯಾರರ ಮಾಡ್ತಾರ ಅಂದಿದ್ದೆ ನಾನು. ಅದ ಮಾತಿಗೆ ಹಿಂಗಾತು. ಆಕಿ ಆಸೆಪಟ್ಟು ಕೇಳಿದ್ದು ಒಂದ ಒಂದು ತಿನಿಸು. ಅದನ್ನ ನನ್ನ ಕೈಯಾರೆ ಮಾಡಿ ಆಕಿ ಮುಂದ ಇಡಬೇಕು ಅಂತ ನಸುಕಿನಿಂದ ಮಾಡಾಕತ್ತೀನಿ."

ತೀರಿಹೋದವರಿಗೆ ಅವರ ಮೆಚ್ಚಿನ ತಿನಿಸು ಮಾಡಿ ಎಡೆ ಇಡುವುದು ಮೂರನೆಯ ದಿನದ ಪದ್ಧತಿ. ಈ ಪುಣ್ಯಾತ್ಮ ಹೆಣ ಎತ್ತುವ ಮೊದಲೇ ಎಡೆಗೆ ಹಿಟ್ಟು ನಾದಿದ್ದಾನೆ! ತವರಿನವರ ಹಕ್ಕನ್ನೂ ಮರೆತು ಅಂಗಳ ಗೊಳೋ ಅಂದಿತು. ನಾಗೇಂದ್ರಪ್ಪನವರಂಥ ನಾಗೇಂದ್ರಪ್ಪನವರು, ಗಿರಣಿಯಲ್ಲಿ ಹಿಡಿ ಅಕ್ಕಿ ಚೆಲ್ಲಿದರೂ ಸಿಡುಕುವವರು, ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡರು.

ಅಷ್ಟರಲ್ಲಿ ಅಂಜಿನಿ ಗುದ್ದಲಿ ಹಿಡಿದು ಬಂದ. ಓಣಿಯಲ್ಲಿ ಸತ್ತವರಿಗೆ ಕುಣಿ ತೋಡುವವನು ಅವನೇ, ಚರಂಡಿ ತೋಡುವವನೂ ಅವನೇ. ಹಿತ್ತಲಿನಲ್ಲಿ ಬಚ್ಚಲು ನೀರು ಹರಿಯಲು ಒಂದು ಗುಂಡಿ ಮಾಡಿಕೊಡು ಅಂತ ಜಂಬಯ್ಯ ಅವನಿಗೆ ದಸರೆಯಿಂದ ಬೆನ್ನು ಹತ್ತಿದ್ದ.

"ಜಾಗ ಎಲ್ಲಿ ಅಂತ ತೋರಸ್ತೀರೇನ್ರಿ?" ಅಂದ ಅಂಜಿನಿ, ತಲೆಯ ಟವೆಲ್ ತೆಗೆದು.

"ಈಗ ಬಂದ್ಯಾ? ಹಿತ್ತಲಾಗ ತೋಡು."

ಅಂಗಳ ಗಪ್ಪಾಯಿತು. "ಹಿತ್ತಲಾಗ?" ಅಂದ ಅಂಜಿನಿ.

"ಹ್ಞೂಂ, ನುಗ್ಗಿ ಗಿಡದ ಬುಡಕ್ಕ. ಪಾತ್ರಿ ತೊಳೆದ ನೀರು ಅಲ್ಲೇ ಹರೀತೈತಿ. ಆಕೀಗೆ ಭಾಳ ದಿನದಿಂದ ಅದೊಂದು ಆಸೆ ಇತ್ತು."

ಕೊಟ್ರಯ್ಯನವರು ಮೆಲ್ಲಗೆ ಎದ್ದು ಬಂದು ಅವನ ಪಕ್ಕ ಕೂತರು. "ಜಂಬಯ್ಯಾ, ಹಂಗ ಮನ್ಯಾಗ ಮಾಡಾಕ ಬರಂಗಿಲ್ಲೋ ತಮ್ಮಾ. ಊರಿಗೊಂದು ಜಾಗ ಅಂತ ಐತಿ, ಎಲ್ಲಾರೂ ಅಲ್ಲೇ."

"ನಮ್ಮ ಬಚ್ಚಲಕ್ಕ ಊರ ಹೊರಗ ತೋಡಿದ್ರ ಏನು ಉಪಯೋಗ ಅಜ್ಜಾರ?" ಅಂದ ಜಂಬಯ್ಯ.

ಕೊಟ್ರಯ್ಯನವರು ಇನ್ನು ಮಾತು ಬೆಳೆಸಲಿಲ್ಲ. ಅಂಜಿನಿಗೆ ಕಣ್ಣು ಸನ್ನೆ ಮಾಡಿದರು. ಅಂಜಿನಿ ಗುದ್ದಲಿಗೆ ಒರಗಿ ನಿಂತ.

ಕಿಟಕಿಯ ಕಡೆ ಹೋಗಿದ್ದ ಪಂಪಮ್ಮ ಧಾವಿಸಿ ಬಂದು ಕೊಟ್ರಯ್ಯನವರ ಕಿವಿಯಲ್ಲಿ ಉಸುರಿದಳು. ಮಧ್ಯದಲ್ಲಿ ಬಟ್ಟೆ ಉಬ್ಬುತ್ತಿದೆ, ಆಗಲೇ ಹುಳಿ ವಾಸನೆ ಶುರುವಾಗಿದೆ. ಕೊಟ್ರಯ್ಯನವರಿಗೆ ಆತಂಕವಾಯಿತು. ನಮ್ಮಲ್ಲಿ ಮಲಗಿಸಿ ಹೂಳುವಂತಿಲ್ಲ, ಕೂರಿಸಬೇಕು. ಮೈ ಸೆಟೆದ ಮೇಲೆ ಕೂರಿಸುವುದು ಹೇಗೆ? ಆದರೆ ತವರಿನವರು ಬರುವವರೆಗೆ ಮುಟ್ಟುವಂತೆಯೂ ಇಲ್ಲ. "ಬಾಗಿಲು ತೆಗೀರಿ, ನೋಡೂಣು" ಅಂದರು.

ಜಂಬಯ್ಯ ಎರಡೂ ಕೈ ಬಾಗಿಲಿಗೆ ಅಡ್ಡ ಹಿಡಿದ. "ಕಾಲಿಗೆ ಬೀಳ್ತೀನಿ ಅಜ್ಜಾರ, ಈಗ ತೆಗೀಬ್ಯಾಡ್ರಿ. ಗಾಳಿ ತಾಗಿದ್ರ ಎಲ್ಲಾ ಕೆಡ್ತೈತಿ. ಆಕಿ ಬಂದು ನೋಡಲಿ ಮೊದ್ಲು."

ಆಕಿ ಬಂದು ನೋಡಲಿ ಅನ್ನುವ ಮಾತಿಗೆ ಹಿಂದೆ ಕೂತಿದ್ದವರು ಹಣೆ ಹಣೆ ಚಚ್ಚಿಕೊಂಡರು. ಇವನ ತಲೆ ಕೆಟ್ಟಿತು ಅನ್ನುವುದು ಅಲ್ಲಿಗೆ ಖಾತ್ರಿಯಾಯಿತು. ಕೊಟ್ರಯ್ಯನವರು ಮಗುವಿಗೆ ಹೇಳುವಂತೆ ಹೇಳಿದರು: "ಆತು, ಯಾರೂ ತೆಗಿಯಂಗಿಲ್ಲ. ನೀ ಹಿತ್ತಲಕ್ಕ ಹೋಗಿ ನಾಕು ಚೊಂಬು ನೀರು ಹಾಕ್ಕೊಂಡು ಬಾ. ಮೈಯೆಲ್ಲಾ ನೋಡು ಹೆಂಗಾಗೈತಿ."

ಹಿಟ್ಟು ಮೆತ್ತಿದ ಮೈ ನೋಡಿಕೊಂಡ ಜಂಬಯ್ಯನಿಗೆ ಇದು ಸರಿ ಅನ್ನಿಸಿತು. ಹೆಂಡತಿ ಬರುವ ಹೊತ್ತಿಗೆ ಮನುಷ್ಯರ ಹಾಗೆ ಕಾಣಬೇಕಲ್ಲ. ಹಿತ್ತಲಿಗೆ ಹೋದ.

ಅವನು ಅತ್ತ ಹೋದ, ಇತ್ತ ಸಂಡೂರಿನ ಜೀಪು ಕೆಂಪು ದೂಳು ಮೆತ್ತಿಕೊಂಡು ಓಣಿಯ ಬಾಯಿಗೆ ಬಂದು ನಿಂತಿತು.

ಸಂಡೂರಿನಲ್ಲಿ ನಡೆದದ್ದು ಇಷ್ಟು. ಜಂಬಯ್ಯನ ಮನೆಗೆ ಜಲ್ದಿ ಬರ್ರಿ, ಏನೂ ಕೇಳಬೇಡ್ರಿ ಅಂದರೆ ಅದರ ಅರ್ಥ ಹಂಪೇಶನಿಗೆ ಗೊತ್ತಾಗದೆ ಇರುತ್ತದೆಯೇ? ಆ ಮನೆಯಲ್ಲಿ ಇರುವವರು ಇಬ್ಬರು. ಅವರಲ್ಲಿ ಒಬ್ಬಳು ಇಲ್ಲಿ ತನ್ನ ಅಡುಗೆಮನೆಯಲ್ಲಿ ಸಜ್ಜಿ ರೊಟ್ಟಿ ಬಡಿಯುತ್ತಿದ್ದಾಳೆ. ಜಂಬಯ್ಯನ ಫೋನಿಗೆ ಹಚ್ಚಿದರೆ ಸ್ವಿಚ್ ಆಫ್. ಅವನೂ ತಂಗಿಗೆ ಏನೂ ಹೇಳಲಿಲ್ಲ, "ನಡಿ" ಅಂದ ಅಷ್ಟೆ. ಅವಳೂ ಕೇಳಲಿಲ್ಲ. ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಂದಳು. ಅಂಗಳದ ಜನ, ಹಂಡೆ, ಊದಿನಕಡ್ಡಿ, ಕಾರಿನಲ್ಲಿ ಹಾರ ಎಲ್ಲ ಕಂಡಮೇಲೆ ಉಳಿದಿದ್ದ ಒಂದು ಚೂರು ಆಸೆಯೂ ಹೋಯಿತು.

ಕಾಲಿಗೆ ಚಪ್ಪಲಿ ಇದೆಯೋ ಇಲ್ಲವೋ ತಿಳಿಯದೆ ಜೀಪಿನಿಂದ ಇಳಿದು ಓಡಿದಳು. "ಒಂದ ಮಾತಿಗೆ ಇಷ್ಟು ಸಿಟ್ಟೇನ್ರೀ! ನನ್ನೊಬ್ಬಾಕಿನ್ನ ಬಿಟ್ಟು ಹೋದ್ರೇನ್ರೀ!"

ಅಂಗಳದವರು ತಲೆಯೆತ್ತಿ ನೋಡಿದರು. ಸತ್ತ ಗಂಗಮ್ಮ ತನ್ನ ಸಾವಿಗೆ ತಾನೇ ಅಳುತ್ತ ಬರುತ್ತಿದ್ದಾಳೆ. ಜನ ಎರಡು ಪಾಲಾಗಿ ಗೋಡೆಗೆ ಅಂಟಿಕೊಂಡಿತು. ಪಂಪಮ್ಮ ಕೂತಲ್ಲೇ ಕಣ್ಣು ಮೇಲಕ್ಕೆ ಮಾಡಿದಳು. ಕೊಟ್ರಯ್ಯನವರು ಲಿಂಗ ಹಿಡಿದು ಕಣ್ಣುಮುಚ್ಚಿ ಪಂಚಾಕ್ಷರಿ ಶುರುಮಾಡಿದರು. ಅಂಜಿನಿ ಗುದ್ದಲಿ ಅಲ್ಲೇ ಬಿಟ್ಟು ಓಡಿದವನು ಗಂಗಾವತಿ ರಸ್ತೆಯಲ್ಲಿ ಸಿಕ್ಕ ಅಂತ ಆಮೇಲೆ ಹೇಳಿದರು.

ಗಂಗಮ್ಮನಿಗೆ ಇದ್ಯಾವುದೂ ಕಾಣಲಿಲ್ಲ. ಬಾಗಿಲು ದೂಡಿ ಒಳಕೋಣೆಗೆ ಹೋದಳು. ಮಂಚ, ಬಿಳಿ ಪಂಚೆ, ತಲೆಯ ಹತ್ತಿರ ದೀಪ. "ಅಯ್ಯೋ ನನ್ನ ದೇವ್ರೇ!" ಅಂತ ಎರಡೂ ಕೈ ಚಾಚಿ ಮೇಲೆ ಬಿದ್ದಳು.

ಪಂಚೆ ಕುಸಿಯಿತು. ಗ್ರಹಚಾರವೇ, ಮೊಣಕೈವರೆಗೂ ಒಳಗೆ ಹೋದಳು. ಮುಖವೂ ಹೋಯಿತು. ಎಷ್ಟೋ ಹೊತ್ತಿನಿಂದ ಹಿಡಿದಿಟ್ಟ ಉಸಿರನ್ನು ಹಿಟ್ಟು ಒಮ್ಮೆಲೇ ಬಿಟ್ಟಿತು.

ಹಿಂಬಾಗಿಲಿನಿಂದ ಒದ್ದೆ ಪಂಚೆಯಲ್ಲಿ ಬಂದ ಜಂಬಯ್ಯ ಇದನ್ನು ನೋಡಿದ. "ಅಯ್ಯಯ್ಯೋ, ಇಳಿದ್ಹೋತಲ್ಲೇ! ಈಗಷ್ಟ ಉಬ್ಬಿತ್ತಲ್ಲೇ ಗಂಗೀ!"

ಗಂಗಮ್ಮ ಹಿಟ್ಟಿನಿಂದ ಮುಖ ಎತ್ತಿದಳು. ಕಣ್ಣಿನ ರೆಪ್ಪೆಗೂ ಹಿಟ್ಟು ಹತ್ತಿತ್ತು. ಎದುರಿಗೆ ಗಂಡ. ನೀರು ತೊಟ್ಟಿಕ್ಕುತ್ತಿದೆ, ಕಿವಿಯ ಹಿಂದೆ ಇನ್ನೂ ಹಿಟ್ಟು ಉಳಿದಿದೆ, ಆದರೆ ಇದ್ದಾನೆ. ಅವಳು ಅವನ ಕೈ ಮುಟ್ಟಿ ನೋಡಿದಳು, ಕೆನ್ನೆ ಮುಟ್ಟಿ ನೋಡಿದಳು. ಆಮೇಲೆ ಅದೇ ಕೆನ್ನೆಗೆ ಒಂದು ಬಾರಿಸಿದಳು, ಬಾರಿಸಿ ಅವನ ಎದೆಗೆ ತಲೆಯಿಟ್ಟು ಅತ್ತಳು.

ಜಂಬಯ್ಯನಿಗೆ ಏನೊಂದೂ ತಿಳಿಯಲಿಲ್ಲ. ತಿಳಿದದ್ದು ಒಂದೇ, ಇವಳು ತನಗಾಗಿ ಹೀಗೆ ಅಳುತ್ತಾಳೆ ಅನ್ನುವುದು. ಅದು ಅವನಿಗೆ ಗೊತ್ತಿರಲಿಲ್ಲ. "ಉಬ್ಬಿತ್ತು ಗಂಗೀ, ಖರೇನ ಉಬ್ಬಿತ್ತು. ಓಣಿ ಮಂದಿನ್ನ ಕೇಳು ಬೇಕಾದ್ರ" ಅಂದ.

"ಉಬ್ಬಿತ್ತು" ಅಂತ ಕಿಟಕಿಯಿಂದ ಪಂಪಮ್ಮನ ಕ್ಷೀಣ ದನಿ ಬಂತು. "ನಾ ನೋಡೀನಿ."

ಆಮೇಲಿನ ವಿಚಾರಣೆ ಅಂಗಳದಲ್ಲಿ ನಡೆಯಿತು, ಅಧ್ಯಕ್ಷತೆ ಕೊಟ್ರಯ್ಯನವರದು. ಯಾರಿಗೂ ನಗು ಬರಲಿಲ್ಲ. ಅಳು ಅಷ್ಟು ಖರ್ಚು ಮಾಡಿದ ಜನಕ್ಕೆ ತಕ್ಷಣ ನಗು ಎಲ್ಲಿಂದ ಬಂದೀತು? ಜ್ವರ ಇರಲಿಲ್ಲ, ಔಷಧ ಇರಲಿಲ್ಲ, ಸಾವೂ ಇಲ್ಲ ಅನ್ನುವುದು ಒಂದೊಂದಾಗಿ ಹೊರಬಿತ್ತು. ಎಲ್ಲ ಮುಗಿದ ಮೇಲೆ ಪಂಪಮ್ಮ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿದಳು.

"ಹಂಗಾರ ನನ್ನ ಗಂಜಿ ಯಾರು ಕುಡಿದ್ರು?"

ಜಂಬಯ್ಯ ತಲೆ ತಗ್ಗಿಸಿದ. ನಾಗೇಂದ್ರಪ್ಪನವರ ಭುಜ ಅಲುಗತೊಡಗಿತು. ಮೊದಲು ಅಳುತ್ತಿದ್ದಾರೆ ಅಂತಲೇ ಎಲ್ಲರೂ ಅಂದುಕೊಂಡರು.

ಗಂಗಮ್ಮ ಮುಖ ತೊಳೆದು ಸೆರಗು ಸಿಕ್ಕಿಸಿದಳು. ವೀಡಿಯೊ ತಂದು ಮುಂದೆ ಹಿಡಿದ ಗಂಡನ ಕೈ ಪಕ್ಕಕ್ಕೆ ಸರಿಸಿದಳು. "ಉಬ್ಬಿದ ಮ್ಯಾಲೆ ಗುದ್ದಿ ಗಾಳಿ ತೆಗೀಬೇಕು ಅಂತ ಐತಿ ಅದರಾಗ. ಅದು ಆತು, ನನ್ನ ಕೈಯಿಂದ. ಇನ್ನ ನೀವು ಲಟ್ಟಸ್ರಿ." ಬೇಯಿಸಲು ಒಲೆಯ ಮೇಲೆ ಯಾವ ಪಾತ್ರೆಯೂ ಸಾಲದು. ಸ್ನಾನದ ನೀರಿಗೆ ಇಟ್ಟಿದ್ದ ಹಂಡೆಯನ್ನು ಖಾಲಿ ಮಾಡಿಸಿ, ತಳಕ್ಕೆ ಹೊಳೆಯ ಮರಳು ಹಾಕಿಸಿದಳು. ಸುರುಳಿಗಳನ್ನು ತಟ್ಟೆಯಲ್ಲಿ ಜೋಡಿಸಿ ಒಳಗಿಟ್ಟು ಮುಚ್ಚಿದರು. ಜಂಬಯ್ಯನೇ ಬೆಂಕಿಯ ಮುಂದೆ ಕೂತ. ತಟ್ಟೆಯ ಮೇಲೆ ತಟ್ಟೆ ಇಳಿದರೂ ಹಿಟ್ಟು ಮುಗಿಯಲಿಲ್ಲ. ಕಪ್ಪಿನ ಕಥೆ ಕೇಳಿ ಗಂಗಮ್ಮ ಹಣೆ ಬಡಿದುಕೊಂಡಳು.

ಊಟ ತಂದವರೆಲ್ಲ ಅದೇ ಅಂಗಳದಲ್ಲಿ ಕೂತು ಬುತ್ತಿ ಬಿಚ್ಚಿದರು. ಸಾವಿನ ಅನ್ನ ಮದುವೆಯ ಸದ್ದಿನಲ್ಲಿ ಖರ್ಚಾಯಿತು. ಕೊನೆಗೆ ರೋಲುಗಳು ಬಂದವು. ತಳ ಕರಕಲು, ನಡುವೆ ಒಂದಿಷ್ಟು ಹಸಿ, ಉಪ್ಪು ಹಾಕುವುದನ್ನೇ ಅವನು ಮರೆತಿದ್ದ. ಓಡಿಹೋಗಿದ್ದ ಅಂಜಿನಿಯನ್ನೂ ಕರೆತಂದು ತಿನ್ನಿಸಿದರು. ಗಂಗಮ್ಮ ಒಂದು ಚೂರು ಮುರಿದು ಬಾಯಿಗೆ ಹಾಕಿ ಬಹಳ ಹೊತ್ತು ಅಗಿದಳು. ಓಣಿ ಕಾದಿತ್ತು.

"ಮೆತ್ತಗೇನಿಲ್ಲ" ಅಂದಳು. ಇನ್ನೊಂದು ಚೂರು ಮುರಿದುಕೊಂಡಳು.

ಜನ ಹೋದಮೇಲೆ ಇಬ್ಬರೇ ಹೊಸ್ತಿಲ ಮೇಲೆ ಕೂತರು. ಸಾಹುಕಾರರು ಕಾರಿನಿಂದ ತೆಗೆದುಕೊಟ್ಟ ಹಾರ ಬಾಗಿಲ ತೋರಣಕ್ಕೆ ಏರಿತ್ತು.

"ನಾ ಸತ್ತೆ ಅಂತ ಓಣಿ ಎಲ್ಲಾ ಅತ್ತೈತಿ. ನೀವೂ ಅತ್ರಂತ, ಪಂಪಮ್ಮ ಹೇಳಿದ್ಲು. ನಿಮಗ ಗೊತ್ತಿತ್ತಲ್ಲ, ನಾ ಸತ್ತಿಲ್ಲ ಅಂತ?"

"ಗೊತ್ತಿತ್ತು."

"ಮತ್ಯಾಕ ಅತ್ರಿ?"

ಜಂಬಯ್ಯ ತೋರಣದ ಹಾರ ನೋಡಿದ. "ಅವರೆಲ್ಲಾ ಹೇಳಾಕತ್ತಿದ್ರು, ನೀ ಎಂಥಾಕಿ ಅಂತ. ನನಗ ಒಂದೂ ಗೊತ್ತಿರಲಿಲ್ಲ. ಅದಕ್ಕ."

ಗಂಗಮ್ಮ ಅವನ ಕಡೆ ಬಾಗಿದಳು. ಅವನ ಕಿವಿಯ ಹಿಂದೆ ಉಳಿದಿದ್ದ ಹಿಟ್ಟನ್ನು ಉಗುರಿನಲ್ಲಿ ತೆಗೆದಳು.

ಮರುದಿನ ನಸುಕಿನಲ್ಲಿ ಪಂಪಮ್ಮ ಹಾಸಿಗೆಯಲ್ಲೇ ಕಿವಿಗೊಟ್ಟಳು. ಪಕ್ಕದ ಮನೆಯಿಂದ ಬಡಿತ ಬಂತು. ಬಂದದ್ದು ನಿಂತಿತು. ಮತ್ತೆ ಎರಡು ಏಟು ಬಂತು, ಏನೋ ಬಿದ್ದ ಸದ್ದಾಯಿತು, ಮತ್ತೆ ನಿಂತಿತು. ಇದು ಗಂಗವ್ವನ ಕೈ ಅಲ್ಲವೇ ಅಲ್ಲ. ಪಂಪಮ್ಮ ಕಂಬಳಿ ಒದ್ದು ಎದ್ದಳು. ಈ ಸಲ ಗಂಜಿ ಕಾಸಲಿಲ್ಲ, ಕಿಟಕಿಗೆ ಹೋಗಲಿಲ್ಲ, ಪದ್ಧತಿಯನ್ನು ಪಕ್ಕಕ್ಕಿಟ್ಟು ಸೀದಾ ಬಾಗಿಲ ಮುಂದೆ ನಿಂತು ಕೂಗಿದಳು:

"ಏನಾತು? ಯಾರಿಗೇನಾತು? ಈಗ್ಲೇ ಹೇಳ್ರಿ!"

ಒಳಗಿನಿಂದ ಗಂಗಮ್ಮನ ನಗು ಕೇಳಿತು. "ಯಾರಿಗೂ ಏನೂ ಆಗಿಲ್ಲಬೇ. ನಮ್ಮ ಮನಿಯವರು ರೊಟ್ಟಿ ಬಡ್ಯಾಕತ್ತಾರ."